ಗಿಳಿಹಸಿರು ರವಿಕೆ ಕಣ

ನನ್ನ ಐವತ್ತು ವರ್ಷದ ಬಾಳಿನಲ್ಲಿ ನಾನು ಒಂದೂವರೆ ದಿನ ಕಳ್ಳಿಯಾಗಿದ್ದೆ. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಶುರುವಾದ ನನ್ನ ಕಳ್ಳತನ ಭಾನುವಾರ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಈಗ ನೆನೆದರೆ ನಗು ಬರುತ್ತದೆ. ಆದರೆ ಆ ನಗು ಬರಲಿಕ್ಕೆ ಬಹಳ ವರ್ಷ ಹಿಡಿಯಿತು.

ಆಗ ನಾವು ಯಲಹಂಕ ಹಳೇ ಊರಿನ ಒಂದು ಬೀದಿಯಲ್ಲಿ ಬಾಡಿಗೆಗಿದ್ದೆವು. ಆ ಕಡೆ ಫ್ಲೈಓವರಿನ ಮೇಲೆ ಏರ್‌ಪೋರ್ಟ್ ಟ್ಯಾಕ್ಸಿಗಳು ಓಡುತ್ತಿದ್ದವು, ಈ ಕಡೆ ನಮ್ಮ ಬೀದಿಯಲ್ಲಿ ಹೆಂಗಸರು ಇನ್ನೂ ಹಾಲಿನ ಬೂತಿನ ಮುಂದೆ ನಿಂತು ಅರ್ಧ ಗಂಟೆ ಮಾತಾಡಿಯೇ ಮನೆಗೆ ಹೋಗುತ್ತಿದ್ದರು. ಬೀದಿಗೆ ಹೊಸಬಳಾದ ನನಗೆ ಅಲ್ಲಿ ಒಂದು ಮರ್ಯಾದೆ ಇತ್ತು. ನನಗೆ ಲಕ್ಷ್ಮಿಗೆ ಸೀರೆ ಉಡಿಸಲು ಬರುತ್ತಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಬಿಂದಿಗೆಗೆ ಕೋಲು ಕಟ್ಟಿ, ಒಂಬತ್ತು ಗಜದ ರೇಷ್ಮೆಯನ್ನು ಪಿನ್ನು ಕಾಣದಂತೆ ನೆರಿಗೆ ಹಿಡಿದು, ಬೆಳ್ಳಿಯ ಮುಖ ಕೂರಿಸಿ, ನಿಜವಾಗಿಯೂ ಒಬ್ಬ ಹೆಣ್ಣುಮಗಳು ಬಂದು ಕೂತಳೇನೋ ಅನ್ನಿಸುವಂತೆ ಮಾಡುವುದು ನನಗೆ ನನ್ನ ಅಮ್ಮ ಕಲಿಸಿಕೊಟ್ಟ ವಿದ್ಯೆ. ಹಬ್ಬದ ದಿನ ಬೆಳಗಿನ ಜಾವದಿಂದ ನಾಲ್ಕು ಮನೆ ಸುತ್ತುತ್ತಿದ್ದೆ. ಹಣ ಕೇಳಿದವಳಲ್ಲ. ಕರೆಯಬೇಕು, ಅಷ್ಟೇ. ಕರೆಯದಿದ್ದರೆ ಮಾತ್ರ ನನಗೆ ಸಿಟ್ಟು ಬರುತ್ತಿತ್ತು.

ಮೊದಲ ಮನೆ ಯಾವಾಗಲೂ ಬೀದಿಯ ಮೂಲೆಯ ಟೀಚರಮ್ಮನದು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಬೀದಿಗೆಲ್ಲ ಅವರು ಟೀಚರಮ್ಮನೇ. ಹೆಣ್ಣುಮಕ್ಕಳಿಲ್ಲದ ಅವರು ನನ್ನನ್ನು 'ಏನೇ' ಎಂದು ಕೂಗುತ್ತಿದ್ದರು. ಆ ಏಕವಚನ ಕೇಳಿದರೆ ತವರಿಗೆ ಹೋದಂತಿರುತ್ತಿತ್ತು. ಅವರ ಬಳಿ ಏಳು ಹರಳಿನ ಒಂದು ವಜ್ರದ ಬೇಸರಿ ಇತ್ತು, ಅವರ ತಾಯಿಯ ಮೂಗಿನದು. ವರ್ಷವೆಲ್ಲ ಬೀರುವಿನಲ್ಲಿರುವ ಬೇಸರಿ ಹಬ್ಬದ ದಿನ ಮಾತ್ರ ಲಕ್ಷ್ಮಿಯ ಮೂಗಿಗೆ ಬರುತ್ತಿತ್ತು. ಬೆಳ್ಳಿಯ ಮುಖಕ್ಕೆ ಮೂಗು ಚುಚ್ಚಿರಲಿಲ್ಲ. ಹಾಗಾಗಿ ನಾನು ತಿರುಪು ಬಿಚ್ಚಿಟ್ಟು, ಚಿಕ್ಕ ಮೇಣದ ಉಂಡೆ ಮಾಡಿ, ಅದಕ್ಕೆ ಬೇಸರಿಯ ಕಡ್ಡಿ ಚುಚ್ಚಿ ಮೂಗಿಗೆ ಅಂಟಿಸುತ್ತಿದ್ದೆ.

ಆ ಶುಕ್ರವಾರವೂ ಹಾಗೇ ಅಂಟಿಸಿದೆ. ಸಂಜೆ ಹೆಂಗಸರೆಲ್ಲ ಅರಿಶಿನ ಕುಂಕುಮಕ್ಕೆ ಬಂದರು. ಟೀಚರಮ್ಮನಿಗೆ ಮಂಡಿನೋವು, ಓಡಾಡಲಾಗುತ್ತಿರಲಿಲ್ಲ. ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣಗಳ ತಟ್ಟೆಯನ್ನು ನಾನೇ ಎತ್ತಿಕೊಡುತ್ತಿದ್ದೆ.

ಶನಿವಾರ ಬೆಳಿಗ್ಗೆ ದೇವಿಯನ್ನು ಇಳಿಸಲು ಹೋದೆ. ಹೂವು ತೆಗೆದೆ. ಮೂಗಿನ ಮೇಲೆ ಮೇಣದ ಕಲೆ ಇತ್ತು. ಬೇಸರಿ ಇರಲಿಲ್ಲ.

ಹೂವಿನ ರಾಶಿ ಬಿಡಿಸಿ ನೋಡಿದೆವು. ಕಲಶದ ಅಕ್ಕಿ ಜರಡಿ ಹಿಡಿದೆವು. ಸೀರೆ ಕೊಡವಿದೆವು, ಕಸದ ಬುಟ್ಟಿ ನೆಲಕ್ಕೆ ಸುರಿದೆವು. ಕೊನೆಗೆ ಟೀಚರಮ್ಮ, "ಹೋಗ್ಲಿ ಬಿಡು, ಎಲ್ಲೋ ಇರತ್ತೆ," ಎಂದರು. ನನ್ನ ಮುಖ ನೋಡಿ ಹೇಳಲಿಲ್ಲ, ಗೋಡೆ ನೋಡಿ ಹೇಳಿದರು.

ಬಾಯಿಬಿಟ್ಟು ಮಾತಾಡಿದವರು ಅವರ ನಾದಿನಿ. ಹಬ್ಬಕ್ಕೆಂದು ಆರ್.ಟಿ. ನಗರದಿಂದ ಬಂದು ಉಳಿದಿದ್ದರು. "ದೇವ್ರ ಮುಖ ಮುಟ್ಟಿದ್ದು ಒಬ್ರೇ ಅಲ್ವಾ ಅತ್ತಿಗೆ? ಇದ್ರಲ್ಲಿ ಯೋಚ್ನೆ ಮಾಡೋದೇನಿದೆ? ಸೋಮವಾರದವರೆಗೂ ನೋಡೋಣ. ಆಮೇಲೆ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡೋದೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನಿಜವಾಗಿಯೂ ನನ್ನ ಸೆರಗಿನ ಗಂಟು ಮುಟ್ಟಿ ನೋಡಿಕೊಂಡೆ. ಅದನ್ನು ನಾದಿನಿ ನೋಡಿದರು.

ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಗಿತ್ತು. ಹಾಲಿನ ಬೂತಿನ ಮುಂದೆ ನಾನು ಹೋದ ಕೂಡಲೇ ಮಾತು ನಿಂತಿತು. ಬೆಳಗಿನ ಜಾವ ನನ್ನನ್ನು ಕಾಯುತ್ತಿದ್ದ ಆ ನಾಲ್ಕು ಮನೆಗಳ ಹೆಂಗಸರಲ್ಲಿ ಒಬ್ಬಾಕೆ ನನ್ನನ್ನು ಕಂಡು ಗೇಟಿನ ಚಿಲಕ ಹಾಕಿಕೊಂಡಳು. ಆ ಚಿಲಕದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಇನ್ನು ಮೇಲೆ ಯಾವ ಮನೆಯವರೂ ನನ್ನನ್ನು ದೇವರ ಮುಂದೆ ಕೂರಿಸುವುದಿಲ್ಲ ಎಂದು ಅರ್ಥವಾಯಿತು. ಪೊಲೀಸರಿಗಿಂತ ನನಗೆ ಆ ಭಯವೇ ದೊಡ್ಡದಾಗಿತ್ತು.

ಮನೆಗೆ ಬಂದರೆ ಅತ್ತೆ ಊಟಕ್ಕೆ ಬಡಿಸಿದರು. ಎರಡನೇ ತುತ್ತಿಗೆ, "ತಗೊಂಡಿಲ್ಲ ತಾನೆ?" ಎಂದರು.

ನಾನು ತಟ್ಟೆ ಬಿಟ್ಟು ಎದ್ದೆ. ಆರು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದವರು ಕೇಳುವ ಮಾತೇ ಅದು? ಅತ್ತೆ ಆಮೇಲೆ ಸೀರೆ ಬದಲಿಸಿ, ಗೆಳತಿಯ ಮನೆಗೆ ಹೋಗಿಬರುತ್ತೇನೆಂದು ಹೊರಟುಹೋದರು. ಸಂಜೆ ಒಂದು ಪ್ಲಾಸ್ಟಿಕ್ ಕವರ್ ಹಿಡಿದು ವಾಪಸು ಬಂದರು. ಏನದು ಎಂದು ನಾನು ಕೇಳಲಿಲ್ಲ. ಅವರ ಮುಖ ನೋಡುವ ಮನಸ್ಸೇ ಇರಲಿಲ್ಲ. ಯಶವಂತಪುರದ ಮಂಡಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಗಂಡ ವಿಷಯ ಕೇಳಿ, "ನೀನ್ಯಾಕೆ ಕಂಡೋರ ಒಡವೆ ಮುಟ್ಟೋಕೆ ಹೋದೆ?" ಎಂದ. ನಂಬಿಕೆಯ ಮಾತಂತೂ ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಟೈಲರ್ ಭಾಯ್ ಅಂಗಡಿಗೆ ಹೋದೆ. ಬೀದಿಯ ತುದಿಯಲ್ಲಿ ಅವರದೊಂದು ಪುಟ್ಟ ಅಂಗಡಿ. ಮನೆಯಲ್ಲಿ ಉರ್ದು, ಮಿಷಿನ್ನಿನ ಹಿಂದೆ ಕೂತರೆ ಕನ್ನಡ. ಬೀದಿಯ ಎಲ್ಲ ಹೆಂಗಸರ ಅಳತೆಯೂ ಗುಟ್ಟೂ ಅವರ ಪುಸ್ತಕದಲ್ಲಿತ್ತು. ಹೊಲಿಯಲು ಕೊಟ್ಟಿದ್ದ ರವಿಕೆ ತರುವ ನೆಪ ನನಗೆ. ಯಾರಾದರೂ ಒಬ್ಬರು ನನ್ನೊಡನೆ ಸರಿಯಾಗಿ ಮಾತಾಡಲಿ ಎನ್ನುವುದೇ ನಿಜವಾದ ಕಾರಣ.

ಅವರು ಗುಂಡಿ ಹಾಕುವ ದಾರವನ್ನು ಮೇಣದ ತುಂಡಿನ ಮೇಲೆ ಎಳೆಯುತ್ತಾ ಕೂತಿದ್ದರು. ಎಲ್ಲ ಕೇಳಿಸಿಕೊಂಡು, "ಬೇಟಾ, ಈ ಮೇಣ ಭಾರಿ ಹಲ್ಕಾ ಸಾಮಾನು. ಸ್ವಲ್ಪ ಬಿಸಿ ತಗುಲ್ತು ಅಂದ್ರೆ ಇದ್ದ ಜಾಗ ಬಿಡ್ತದೆ, ಮುಟ್ಟಿದೋರ್ನ ಹಿಡ್ಕೊಳ್ತದೆ. ಆ ಮುಖನ ಆಮೇಲೆ ಯಾರು ಮುಟ್ಟಿದ್ರು, ಯಾವುದ್ರಲ್ಲಿ ಮುಟ್ಟಿದ್ರು, ನೆನ್ಪು ಮಾಡ್ಕೊಳ್ಳಿ," ಎಂದರು.

ಯಾವುದರಲ್ಲಿ ಮುಟ್ಟಿದರು! ಬೆಳ್ಳಿಯ ಮುಖವನ್ನು ಬರಿಗೈಯಲ್ಲಿ ಹಿಡಿಯಬಾರದು, ಬೆರಳಿನ ಗುರುತು ಕಪ್ಪಾಗುತ್ತದೆ ಎಂದು ಅಮ್ಮ ಹೇಳಿಕೊಟ್ಟಿದ್ದಳು. ನನಗೆ ಥಟ್ಟನೆ ನೆನಪಾಯಿತು. ಶುಕ್ರವಾರ ಸಂಜೆ, ಮಂಗಳಾರತಿಗೆ ಮುಂಚೆ, ಮುಖ ಎಡಕ್ಕೆ ವಾಲಿತ್ತು. ಎರಡೂ ಕಡೆ ದೀಪ ಉರಿಯುತ್ತಿತ್ತು. ಅವಸರದಲ್ಲಿ ನಾನು ತಟ್ಟೆಯ ಮೇಲಿದ್ದ ರವಿಕೆ ಕಣವನ್ನೇ ಎತ್ತಿಕೊಂಡು, ಅದರಲ್ಲಿ ಮುಖ ಹಿಡಿದು ನೆಟ್ಟಗೆ ಮಾಡಿ, ಕಣವನ್ನು ತಿರುಗಿ ತಟ್ಟೆಯಲ್ಲಿಟ್ಟು, ಸೇವಂತಿಗೆ ಹಾರವನ್ನು ಮೂಗಿನ ಬದಿ ಮುಚ್ಚುವಂತೆ ಕೆನ್ನೆಯ ಮೇಲಕ್ಕೆ ಎಳೆದಿದ್ದೆ. ಗಿಳಿಹಸಿರು ಬಣ್ಣ, ಮಾವಿನಕಾಯಿ ಅಂಚು. ಬೇಸರಿ ಮೇಣದ ಸಮೇತ ಅದರ ಮಡಿಕೆಯೊಳಗೆ ಹೋಗಿರಬೇಕು!

"ಭಾಯ್, ಗಿಳಿಹಸಿರು ಪೀಸು, ಮಾವಿನಕಾಯಿ ಅಂಚಿಂದು, ಯಾರಾದ್ರೂ ಹೊಲಿಯೋಕೆ ತಂದ್ರಾ?"

ಅವರು ನಕ್ಕರು. "ಹಸಿರು, ಮಾವಿನಕಾಯಿ ಬಾರ್ಡರು? ಅದು ಕೊಡೋ ಪೀಸಮ್ಮಾ, ಹೊಲಿಸೋ ಪೀಸಲ್ಲ. ಅಂಗಡೀಲೇ ಕೇಳ್ತಾರಲ್ಲ, ಕೊಡೋಕಾ, ಹಾಕ್ಕೊಳೋಕಾ ಅಂತ. ಅದ್ರಲ್ಲಿ ತೋಳಿಗೆ ಬಟ್ಟೆ ಸಾಲಲ್ಲ. ಯಾರೂ ಮಡಿಕೆ ಬಿಚ್ಚಲ್ಲ, ಹಂಗೇ ಮನೆಯಿಂದ ಮನೆಗೆ ಹೋಗ್ತಾ ಇರ್ತದೆ. ಒಂದ್ಸಲ ನನ್ ಹತ್ರ ಬಂದ ಪೀಸಿಗೆ ಆರು ಅರಿಶಿನದ ಬೊಟ್ಟು ಇತ್ತು. ಆರು ಮನೆ ಊಟ ಮಾಡ್ಕೊಂಡು ಬಂದಿತ್ತು!"

ಹೊಸ ಬಟ್ಟೆಯ ಮೂಲೆಗೆ ಅರಿಶಿನದ ಬೊಟ್ಟಿಟ್ಟು ಕೊಡುವುದು ನಮ್ಮಲ್ಲಿ ಪದ್ಧತಿ. ಬಂದ ಕಣವನ್ನು ಬೀರುವಿನಲ್ಲಿಟ್ಟು ಮುಂದೆ ಬಂದವರಿಗೆ ಕೊಡುವುದೂ ಪದ್ಧತಿಯೇ. ಆದರೆ ಹಾಗೆ ಕೊಟ್ಟೆನೆಂದು ಒಪ್ಪಿಕೊಳ್ಳುವ ಪದ್ಧತಿ ಮಾತ್ರ ಇಲ್ಲ.

ಆ ಸಂಜೆ ಮೊದಲು ಎದ್ದು ಹೋದವಳು ಹಾಲಿನ ಬೂತಿನ ಅಕ್ಕ. ತಟ್ಟೆಯ ಮೇಲಿದ್ದ ಕಣ ಅವಳಿಗೇ ಹೋಗಿರಬೇಕು. ನಮಗೆ ಆ ಬೀದಿಯಲ್ಲಿ ಮನೆ ಹುಡುಕಿಕೊಟ್ಟವರು ಅವಳೂ ಪುಟ್ಟೇನಹಳ್ಳಿಯಲ್ಲಿದ್ದ ಅವಳ ದೊಡ್ಡಕ್ಕನೂ. ನಾನು ನೇರವಾಗಿ ಹೋಗಿ ಕೇಳಿದೆ.

"ಬೀರುನಲ್ಲಿದೆ," ಎಂದು ಒಳಗೆ ಹೋಗಿ ಒಂದು ಕಣ ತಂದಳು. ಗುಲಾಬಿ ಬಣ್ಣದ್ದು.

"ಅದು ಹಸಿರಿತ್ತು ಅಕ್ಕ."

"ನಿಂಗೆಲ್ಲೋ ಭ್ರಮೆ."

"ಅಕ್ಕಾ, ನಾಳೆ ನನ್ನ ಸ್ಟೇಷನ್ನಿಗೆ ಎಳ್ಕೊಂಡು ಹೋಗ್ತಾರೆ. ನೀವು ಯಾರಿಗೆ ಕೊಟ್ರಿ ಅಂತ ನಾನು ಯಾರ ಹತ್ರಾನೂ ಹೇಳಲ್ಲ. ಆಣೆ."

ಅವಳ ಮುಖ ಕೆಂಪಾಯಿತು. ಅದೇ ಸಂಜೆ ಕೋಗಿಲಿನಿಂದ ಚಿಕ್ಕಮ್ಮ ಹೇಳದೆ ಕೇಳದೆ ಬಂದಿದ್ದರಂತೆ. ಕೈಗೆ ಸಿಕ್ಕಿದ್ದು ಅದೇ, ಕೊಟ್ಟುಬಿಟ್ಟಳಂತೆ. "ಟೀಚರಮ್ಮಂಗೆ ಗೊತ್ತಾದ್ರೆ ಏನಂದ್ಕೋತಾರೆ ಹೇಳು!" ನಾನು ಕಳ್ಳಿಯಾಗುವುದಕ್ಕಿಂತ ಅವಳಿಗೆ ಅದೇ ದೊಡ್ಡ ಚಿಂತೆಯಾಗಿತ್ತು.

ಫೋನ್ ಮಾಡಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಫೋನಿನಲ್ಲಿ ಎಲ್ಲರ ಬೀರುವಿನಲ್ಲೂ ಎಲ್ಲವೂ ಇರುತ್ತದೆ. ನಾನು ಆಟೋ ಹತ್ತಿದೆ.

ಕೋಗಿಲು ಆಗ ಅರ್ಧ ಊರು, ಅರ್ಧ ಲೇಔಟು. ಚಿಕ್ಕಮ್ಮನ ಮನೆಯ ಮುಂದೆ ಹಸು ಕಟ್ಟಿತ್ತು, ಪಕ್ಕದಲ್ಲೇ ನಾಲ್ಕು ಮಹಡಿಗೆ ಕಂಬ ಎದ್ದಿತ್ತು. ಚಿಕ್ಕಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಪೇಟೆಯವರ ನಾಚಿಕೆ ಅವರಿಗಿರಲಿಲ್ಲ.

"ಅಸ್ರು ಕಣನಾ? ಅಯ್ಯೋ, ನಾನ್ಯಾವಾಗ ರವಿಕೆ ಒಲಿಸ್ಕೊಂಡೇನು ಕಣವ್ವ? ನಿನ್ನೆ ಒತ್ತಾರೆ ಪುಟ್ಟೇನಳ್ಳಿಗೆ ಓಗಿದ್ದೆ, ನಮ್ ದೊಡ್ಡ್ ಮಗಳ್ ಮನೇಗೆ. ಬರಿಗೈಲಿ ಎಂಗೋಗೋದು? ಬೊಟ್ಟಿಕ್ಕಿ ಕೊಟ್ ಬಂದೆ." ಅವರು ದೊಡ್ಡ ಮಗಳೆಂದದ್ದು ಹಾಲಿನ ಬೂತಿನವಳ ಆ ದೊಡ್ಡಕ್ಕನನ್ನೇ. ತಂಗಿ ಕೊಟ್ಟ ಕಣ ಒಂದು ರಾತ್ರಿ ಕಳೆದು ಅಕ್ಕನ ಮನೆ ಸೇರಿತ್ತು. ನನ್ನ ಅವಸರ ನೋಡಿ ಅವರು, "ಇಂಗ್ಯಾಕೆ ಬೆವರ್ತಿದೀಯ, ಮಜ್ಜಿಗೆ ಕುಡ್ಕೊಂಡೋಗು," ಎಂದರು. ನಿಂತೇ ಕುಡಿದೆ. ಆ ದಿನ ನನಗೆ ಹೊಟ್ಟೆಗೆ ಬಿದ್ದದ್ದು ಅದೊಂದೇ.

ಮತ್ತೆ ಆಟೋ. ಪುಟ್ಟೇನಹಳ್ಳಿ ಕೆರೆಯ ಪಕ್ಕದ ರಸ್ತೆಯಲ್ಲಿ ಯಾರದೋ ಮದುವೆಯ ದಿಬ್ಬಣ ಅಡ್ಡ ಬಂತು. ನಾನು ಇಳಿದು ಓಡಿದೆ. ಆ ದೊಡ್ಡಕ್ಕನ ಮನೆ ನನಗೆ ಚೆನ್ನಾಗಿ ಗೊತ್ತು. ಆಕೆ ನಮ್ಮತ್ತೆಯ ಹಳೆಯ ಗೆಳತಿ. ಬಾಗಿಲಲ್ಲೇ ನಿಂತು ಏದುಸಿರು ಬಿಡುತ್ತಾ ಕೇಳಿದೆ. ಆಕೆ ಮೊದಲು ಇದೆ ಎಂದರು, ಆಮೇಲೆ ಇರಬೇಕು ಎಂದರು, ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕರು.

"ನಿನ್ನ ಹತ್ರ ಹೆಂಗ್ ಹೇಳ್ಲಿ? ನಿನ್ನೆ ಮಧ್ಯಾಹ್ನ ನಿಮ್ಮತ್ತೆ ಬಂದಿದ್ರಲ್ಲ, ಅವ್ರಿಗೇ ಕೊಟ್ಟೆ ಕಣಮ್ಮ."

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು. ಅಷ್ಟೇ ಆಗಿದ್ದರೆ ನಗಬಹುದಿತ್ತು. ಕಳೆದುಹೋದ ಬೇಸರಿ ನನ್ನ ಮನೆಯ ಬೀರುವಿನಲ್ಲೇ ಇದೆ. ನನಗಿಂತ ಮೊದಲು ಬೇರೆಯವರು ಅದನ್ನು ಕಂಡರೆ ನಾನು ಏನು ಹೇಳಿದರೂ ಯಾರೂ ನಂಬುವುದಿಲ್ಲ.

ನಾನು ತಿರುಗಿ ಹೊರಟಾಗ ಆಕೆ ಕೈ ಹಿಡಿದು ನಿಲ್ಲಿಸಿದರು. "ಒಂದ್ ಮಾತು. ನಿಮ್ಮತ್ತೆ ಇಲ್ಲಿ ಕೂತು ಗಳಗಳ ಅಂತ ಅತ್ರು. 'ನನ್ನ ಸೊಸೆ ದೇವ್ರಂಥೋಳು, ಆ ಬೀದಿಯೋರ ನಾಲ್ಗೆ ಬಿದ್ದೋಗ' ಅಂದ್ರು. ಮನೇಲಿ ಹೇಳ್ಬೇಡ ಅಂದಿದ್ರು. ಹೇಳ್ಬಿಟ್ಟೆ."

ಆಟೋದಲ್ಲಿ ನನಗೂ ಅಳು ಬಂತು. ಮನೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಅತ್ತೆಯ ಫೋನು ಯಾವಾಗಲೂ ಫ್ರಿಜ್ಜಿನ ಮೇಲೆ ಚಾರ್ಜಿಗೆ ಬಿದ್ದಿರುತ್ತಿತ್ತು.

ಮನೆ ಮುಟ್ಟಿದಾಗ ಬಾಗಿಲ ಬಳಿ ಎರಡು ಜೊತೆ ಪರಿಚಯದ ಚಪ್ಪಲಿ. ಒಳಗೆ ನಾದಿನಿ ಕೂತಿದ್ದರು. ಅವರನ್ನು ತಡೆಯಲು ಹಿಂದೆಯೇ ಬಂದಿದ್ದ ಟೀಚರಮ್ಮ ತಲೆ ತಗ್ಗಿಸಿ ಕೂತಿದ್ದರು. ಬೀರುವಿನ ಬಾಗಿಲು ಅಗಲಕ್ಕೆ ತೆರೆದಿತ್ತು. 'ನೋಡ್ಕೊಳ್ಳಿ ತಾಯಿ, ಒಂದೊಂದನ್ನೂ ನೋಡ್ಕೊಳ್ಳಿ' ಎಂದು ಅತ್ತೆಯೇ ತೆರೆದು ತೋರಿಸಿದ್ದರಂತೆ. ನಾದಿನಿ ಸೀರೆಗಳ ನಡುವೆ ಕೈಯಾಡಿಸಿದ್ದರು, ಡಬ್ಬಿಗಳನ್ನು ಅಲುಗಿಸಿ ನೋಡಿದ್ದರು. ರವಿಕೆ ಕಣಗಳ ಅಟ್ಟಿಯನ್ನೂ ಎತ್ತಿ ಇಟ್ಟಿದ್ದರು. ಕಣದ ಮಡಿಕೆ ಬಿಚ್ಚಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ?

ಈಗ ಅವರು ಹೊರಡಲು ಎದ್ದಿದ್ದರು. ಶ್ರಾವಣ ಮಾಸ, ದೀಪ ಹಚ್ಚಿದ ಹೊತ್ತು. ಕಳ್ಳಿ ಎನ್ನಲು ಬಂದವಳಾದರೂ ಸರಿ, ಮನೆಗೆ ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸುವುದು ನಮ್ಮತ್ತೆಗೆ ಗೊತ್ತಿರಲಿಲ್ಲ. ಬಂದವರಿಗೂ ಕುಂಕುಮ ಬೇಡವೆನ್ನಲು ಬಾಯಿ ಬರುವುದಿಲ್ಲ. ಅತ್ತೆ ಬಿಗಿದ ಮುಖದಲ್ಲೇ ತಟ್ಟೆ ಹಿಡಿದು ನಾದಿನಿಗೆ ಕುಂಕುಮ ಕೊಟ್ಟರು, ಎಲೆ ಅಡಿಕೆ ಕೊಟ್ಟರು, ಮೇಲೊಂದು ರವಿಕೆ ಕಣ ಇಟ್ಟರು. ಸಿಟ್ಟಿನಲ್ಲಿ ಅದಕ್ಕೆ ಅರಿಶಿನದ ಬೊಟ್ಟಿಡುವುದನ್ನೂ ಮರೆತಿದ್ದರು.

ಗಿಳಿಹಸಿರು. ಮಾವಿನಕಾಯಿ ಅಂಚು. ಇನ್ನೊಂದು ನಿಮಿಷವಾಗಿದ್ದರೆ ಅದು ಆರ್.ಟಿ. ನಗರಕ್ಕೆ ಹೋಗಿ, ಅಲ್ಲಿಂದ ಯಾವ ಊರು ಸೇರುತ್ತಿತ್ತೋ.

ನಾನು ಚಪ್ಪಲಿ ಸಮೇತ ಒಳಗೆ ನುಗ್ಗಿ ಅದನ್ನು ಅವರ ಕೈಯಿಂದ ಕಿತ್ತುಕೊಂಡೆ.

"ಏ, ಹುಚ್ಚು ಹಿಡೀತೇನೆ ನಿಂಗೆ!" ಎಂದು ಅತ್ತೆ ಕಿರುಚಿದರು. ಕೊಟ್ಟ ತಾಂಬೂಲ ಕಿತ್ತುಕೊಂಡ ಸೊಸೆ ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು. ನಾನು ಅದನ್ನು ಟೀಚರಮ್ಮನ ಮಡಿಲಿಗೆ ಹಾಕಿ, "ನೀವೇ ಬಿಚ್ಚಿ," ಎಂದೆ.

ಅವರು ಮಡಿಕೆ ಬಿಚ್ಚಿದರು. ಮೇಣದ ಉಂಡೆಯ ಸಮೇತ ಏಳು ಹರಳಿನ ಬೇಸರಿ ಬಟ್ಟೆಗೆ ಕಚ್ಚಿಕೊಂಡು ಕೂತಿತ್ತು.

"ನೋಡಿದ್ರಾ ಅತ್ತಿಗೆ!" ನಾದಿನಿ ಕೂಗಿದರು. "ಇವರ ಮನೇಲೇ ಸಿಕ್ತು!"

ದಿನವೆಲ್ಲ ಓಡಿದ್ದನ್ನು ಆ ಒಂದು ಮಾತು ನೀರುಪಾಲು ಮಾಡುವುದರಲ್ಲಿತ್ತು. ಟೀಚರಮ್ಮ ಮಾತ್ರ ಬೇಸರಿಯನ್ನು ನೋಡುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು, ಕಣವನ್ನು ತೊಡೆಯ ಮೇಲೆ ಹರಡಿ, ಉತ್ತರ ಪತ್ರಿಕೆ ತಿದ್ದುವವರ ಹಾಗೆ ಮೂಲೆಗಳನ್ನು ನೋಡುತ್ತಿದ್ದರು.

"ನಾಲ್ಕು ಬೊಟ್ಟಿದೆ," ಎಂದರು. "ಒಂದು ನಂದು. ಮಿಕ್ಕ ಮೂರು ಯಾರ್ದೇ?"

ಹಾಲಿನ ಬೂತಿನವಳಿಗೆ ಕೊಟ್ಟ ಆಣೆ ಅಲ್ಲೇ ಮುರಿಯಿತು. ಹಾಲಿನ ಬೂತು, ಕೋಗಿಲು, ಪುಟ್ಟೇನಹಳ್ಳಿ ಎಂದು ಎಲ್ಲ ಹೇಳಿದೆ. ಮುಖವನ್ನು ಅದರಲ್ಲೇ ಹಿಡಿದವಳು ನಾನು, ತಪ್ಪು ನನ್ನ ಕೈಯದೇ ಎಂದೂ ಹೇಳಿದೆ.

ಟೀಚರಮ್ಮ ನಾದಿನಿಯ ಕಡೆ ತಿರುಗಿದರು. "ಕದ್ದೋಳು ಮೂರು ಮನೇಲಿ ಅರಿಶಿನ ಹಚ್ಚಿಸ್ಕೊಂಡು, ಕೊನೆಗೆ ನಿನ್ನ ಕೈಗೇ ತಾಂಬೂಲ ಕೊಡಿಸ್ತಾಳೇನೆ? ನಡಿ ಮನೆಗೆ."

ಹೊರಡುವಾಗ ನನ್ನ ಕೈ ಹಿಡಿದುಕೊಂಡು, "ನಾನು ನಿನ್ನನ್ನ ಅನುಮಾನಿಸ್ಲಿಲ್ಲ ಕಣೆ," ಎಂದರು.

"ಅದನ್ನ ನಿನ್ನೆ ಬೆಳಿಗ್ಗೆ ಹೇಳಿದ್ದಿದ್ರೆ ಸಾಕಿತ್ತು ಟೀಚರಮ್ಮ," ಎಂದೆ. ಅವರು ಕೈ ಬಿಟ್ಟು ಹೋದರು. ನಾನು ಹಾಗೆ ಹೇಳಿದ್ದು ಸರಿಯೆಂದು ಇವತ್ತಿಗೂ ಅನ್ನಿಸುತ್ತದೆ. ಹೇಳಬಾರದಿತ್ತು ಎಂದೂ ಅನ್ನಿಸುತ್ತದೆ.

ವರ್ಷವಿಡೀ ನಾನು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಮುಂದಿನ ಹಬ್ಬದ ದಿನ ಬೆಳಗಾಗುವಾಗ ಬಾಗಿಲು ಬಡಿದ ಸದ್ದಾಯಿತು. ಟೀಚರಮ್ಮ ಆ ಮಂಡಿಯಲ್ಲಿ ನಮ್ಮ ಮೆಟ್ಟಿಲು ಹತ್ತಿ ಬಂದಿದ್ದರು. ಕೈಯಲ್ಲಿ ಬೆಳ್ಳಿಯ ಮುಖ. "ಅಕ್ಕಸಾಲಿಗರ ಹತ್ರ ಇವಳಿಗೆ ಮೂಗು ಚುಚ್ಚಿಸ್ಕೊಂಡು ಬಂದಿದೀನಿ. ಇನ್ಮೇಲೆ ಮೇಣ ಬೇಡ, ತಿರುಪು ಹಾಕು. ಏನೇ, ಬರ್ತೀಯೋ ಇಲ್ವೋ?" ಎಂದರು. ನಾನು ಸ್ನಾನಕ್ಕೆ ಓಡಿದೆ. ಅವರು ಇರುವವರೆಗೂ ಆ ಬೇಸರಿಗೆ ತಿರುಪು ಹಾಕಿದವಳು ನಾನೇ. ಈಗ ಆ ಮೂಲೆಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಇದೆ, ತಾಂಬೂಲಕ್ಕೆ ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ.

ಆ ಭಾನುವಾರದ್ದು ಇನ್ನೊಂದು ಮಾತು ಉಳಿದಿದೆ. ಅವರಿಬ್ಬರೂ ಹೋದ ಮೇಲೆ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಅತ್ತೆ ಬೀರು ಮುಚ್ಚಿದರು, ಚೆಲ್ಲಿದ ಎಲೆ ಅಡಿಕೆ ಎತ್ತಿಟ್ಟರು. ಪುಟ್ಟೇನಹಳ್ಳಿಯಲ್ಲಿ ಕೇಳಿದ್ದನ್ನು ನಾನು ಹೇಳಲಿಲ್ಲ, ಕೊನೆಯವರೆಗೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವರು, "ಇಲ್ಲಿ ಕೂತ್ಕೋ ಬಾ," ಎಂದು ಕರೆದು ದೇವರ ಮುಂದೆ ಮಣೆ ಹಾಕಿದರು. ನನ್ನ ಕೆನ್ನೆಗೆ ಅರಿಶಿನ ಹಚ್ಚಿ, ಹಣೆಗೆ ಕುಂಕುಮವಿಟ್ಟರು. ಟೀಚರಮ್ಮ ಬಿಟ್ಟುಹೋಗಿದ್ದ ಆ ಹಸಿರು ಕಣದ ಮೂಲೆಗೆ ಐದನೆಯ ಬೊಟ್ಟಿಟ್ಟು ನನ್ನ ಮಡಿಲಿಗೆ ಹಾಕಿದರು.

"ಹೊಲಿಸ್ಕೊಂಡ್ಬಿಡು," ಎಂದರು. "ಇದು ಇನ್ನ್ಯಾರ ಮನೆಗೂ ಹೋಗೋದು ಬೇಡ."

ಟೈಲರ್ ಭಾಯ್ ಬಯ್ಯುತ್ತಲೇ ಹೊಲಿದುಕೊಟ್ಟರು. ತೋಳಿಗೆ ಬಟ್ಟೆ ಸಾಲಲಿಲ್ಲ. ಅತ್ತೆ ತಮ್ಮ ಮದುವೆಯ ಸೀರೆಯ ಸೆರಗಿನಿಂದ ಎರಡು ತುಂಡು ಕತ್ತರಿಸಿಕೊಟ್ಟರು.